ಹಳೆಯ ಒಲೆಗೆ ಜಾಲರಿ, ಬಾಗಿಲು, ಹೊಗೆಗೊಳವೆ

ಬ್ರಹ್ಮಸಮುದ್ರ, ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರದ ಕಡೆಯ ನಮ್ಮ ರೈತ ಬಾಂಧವರ ಮನೆಗಳಲ್ಲಿ ಈಗ ಗ್ಯಾಸಿನ ಒಲೆ ಇಲ್ಲವೆಂದಲ್ಲ. ೨೦೧೬ರಲ್ಲಿ ಉಜ್ವಲಾ ಯೋಜನೆ ಬಂದಂದಿನಿಂದ ಬಡವರ ಮನೆಗೂ ಸಿಲಿಂಡರು ಬಂದಿದೆ. ಆದರೆ ಸಾರಿಗೆ ಒಗ್ಗರಣೆ ಹಾಕಲು, ಕಾಫಿ ಕಾಯಿಸಲು ಗ್ಯಾಸು. ಮುದ್ದೆಗೆ, ಹಂಡೆ ನೀರಿಗೆ, ದನಗಳ ಹುರುಳಿ ಬೇಯಿಸಲು ಸೌದೆ ಒಲೆಯೇ ಎನ್ನುವ ಮನೆಗಳು ಇನ್ನೂ ಬಹಳ. ಸೌದೆ ಉರಿಯುವವರೆಗೆ ಹೊಗೆಯೂ ಉಂಟು, ಅದನ್ನು ನುಂಗುವವರು ಮನೆಯ ಹೆಂಗಸರು ಮತ್ತು ಅವರ ಮಡಿಲ ಮಕ್ಕಳು. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಪ್ರಪಂಚದಲ್ಲಿ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಆದ್ದರಿಂದ ಇದ್ದ ಒಲೆಯನ್ನೇ ಸುಧಾರಿಸುವ ಬಗೆಯನ್ನು ಈ ವಾರ ವಿವರಿಸುತ್ತೇವೆ.

ಮೊದಲು ನಷ್ಟ ಎಲ್ಲಿ ಆಗುತ್ತದೆಂಬುದನ್ನು ತಿಳಿಯಬೇಕು. ಮೂರು ಕಲ್ಲಿನ ಒಲೆಗೆ ಎಲ್ಲ ಕಡೆಯೂ ಬಾಯಿ. ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಗಾಳಿ ನುಗ್ಗಿ, ಉರಿಯನ್ನು ತಣ್ಣಗೆ ಮಾಡಿ, ಕಾವನ್ನು ಹೊತ್ತುಕೊಂಡು ಹೊರಟುಹೋಗುತ್ತದೆ. ಸೌದೆ ನೆಲಕ್ಕೆ ಕಚ್ಚಿ ಬೂದಿಯಲ್ಲಿ ಹೂತಿರುವುದರಿಂದ ಕೆಂಡಕ್ಕೆ ಕೆಳಗಿನಿಂದ ಉಸಿರಿಲ್ಲ. ಪೂರ್ತಿ ಉರಿಯದ ಸೌದೆಯೇ ಹೊಗೆ. ಎಂದರೆ ಹೊಗೆಯಾಗಿ ಹೋಗುವುದು ನಾವು ಹೊತ್ತು ತಂದ ಸೌದೆಯೇ.

ಲೆಕ್ಕವನ್ನೇ ನೋಡೋಣ. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು ೪೦೦೦ ಕಿಲೋಕ್ಯಾಲೊರಿ ಶಾಖವಿದೆ. ೨೦ ಲೀಟರು ನೀರನ್ನು ೨೫ ಡಿಗ್ರಿಯಿಂದ ೫೦ ಡಿಗ್ರಿಗೆ ಕಾಯಿಸಲು ಬೇಕಾದುದು ೫೦೦. ನೂರಕ್ಕೆ ಹತ್ತು ಪಾಲು ಶಾಖ ಮಾತ್ರ ಹಂಡೆಗೆ ತಲುಪುವ ಒಲೆಯಾದರೆ ಒಂದೂಕಾಲು ಕಿಲೋ ಸೌದೆ ಬೇಕು. ಇಪ್ಪತ್ತು ಪಾಲು ತಲುಪಿದರೆ ಅದರ ಅರ್ಧ ಸಾಕು. ತಿಂಗಳಿಗೆ ಸುಮಾರು ೧೯ ಕಿಲೋ ಉಳಿತಾಯ, ಅದೂ ಸ್ನಾನದ ನೀರೊಂದರಲ್ಲೇ.

ಈ ವಿಷಯ ಹೊಸದಲ್ಲ. ೧೯೫೩ರ ವೇಳೆಗೇ ಹೈದರಾಬಾದಿನ ಎಸ್. ಪಿ. ರಾಜು ಅವರು ಹೊಗೆಯಿಲ್ಲದ ಒಲೆಯ ಕುರಿತು ಪುಸ್ತಿಕೆ ಹೊರಡಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವಿತ್ತು. ೧೯೮೦ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಜಾಲರಿ, ಮುಚ್ಚಿದ ಉರಿಗೂಡು, ಮೂರು ಪಾತ್ರೆಯ ಕುಳಿ, ಹೊಗೆಗೊಳವೆ ಎಲ್ಲವೂ ಇದ್ದವು. ಚಳಿ ದೇಶಗಳವರು ಗೋಡೆಯ ಅಗ್ಗಿಷ್ಟಿಕೆಯೊಳಗೆ ಬಾಗಿಲುಳ್ಳ ಕಬ್ಬಿಣದ ಗೂಡನ್ನು ಸೇರಿಸುವುದೂ ಇದೇ ತತ್ತ್ವದ ಮೇಲೆ: ಗಾಳಿಯನ್ನು ಅಳೆದು ಬಿಡು, ಕಾವನ್ನು ಹಿಡಿದಿಡು.

ನಮ್ಮ ಮಣ್ಣಿನ ಒಲೆಗೆ ಇದನ್ನು ಅಳವಡಿಸುವ ಕ್ರಮ ಹೀಗಿದೆ.

ಮೊದಲನೆಯದು ಜಾಲರಿ. ಎರಕದ ಕಬ್ಬಿಣದ ಜಾಲರಿಯನ್ನು ಒಲೆಯ ತಳದಿಂದ ನಾಲ್ಕು ಬೆರಳು ಎತ್ತರದಲ್ಲಿ ಕೂರಿಸಬೇಕು. ಬೂದಿ ಕೆಳಗೆ ಬೀಳಬೇಕು, ಗಾಳಿ ಕೆಳಗಿನಿಂದ ಏರಬೇಕು. ಜಾಲರಿಗೂ ಪಾತ್ರೆಯ ತಳಕ್ಕೂ ನಡುವೆ ಆರೇಳು ಅಂಗುಲ ಅಂತರವಿರಲಿ. ಇದಕ್ಕಿಂತ ತಗ್ಗಾದರೆ ಉರಿ ತಣ್ಣನೆಯ ಪಾತ್ರೆಗೆ ಬಡಿದು ಮಸಿ ಕಟ್ಟುತ್ತದೆ. ಹೆಚ್ಚಾದರೆ ಕಾವು ಮುಟ್ಟುವುದಿಲ್ಲ.

ಎರಡನೆಯದು ಬಾಯಿ. ಸೌದೆ ಹಾಕುವ ಬಾಯಿಯನ್ನು ಕಿರಿದು ಮಾಡಿ, ತಗಡಿನ ಬಾಗಿಲು ಇಡಿ. ಗಾಳಿಗೆ ಜಾಲರಿಯ ಕೆಳಗೆ ಬೇರೆ ಕಿಂಡಿ ಇರಲಿ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಬಳ್ಳಾರಿ ಜಾಲಿ ಯಾವುದಾದರೂ ಸರಿ, ಗೇಣುದ್ದಕ್ಕೆ ಕಡಿದು ಚೆನ್ನಾಗಿ ಒಣಗಿಸಿ ಸ್ವಲ್ಪ ಸ್ವಲ್ಪವಾಗಿ ಹಾಕತಕ್ಕದ್ದು. ಹಸಿ ಸೌದೆಯ ಕಾವಿನಲ್ಲಿ ಒಂದು ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಕಡಲೆಕಾಯಿ ಸಿಪ್ಪೆಯನ್ನು ಈ ಗೂಡಿಗೆ ಸುರಿಯಬೇಡಿ. ಅದು ಜಾಲರಿಯ ಸಂದು ಮುಚ್ಚಿ ಉಸಿರು ಕಟ್ಟಿಸುತ್ತದೆ.

ಮೂರನೆಯದು ಪಾತ್ರೆಯ ಕುಳಿ. ನಿಮ್ಮ ಮನೆಯ ಪಾತ್ರೆಯನ್ನೇ ಇಟ್ಟು ಅಳತೆ ತೆಗೆಯಿರಿ. ಪಾತ್ರೆ ಕುಳಿಯೊಳಗೆ ಇಳಿದು ಕೂರಬೇಕು, ಸುತ್ತಲೂ ಹೊಗೆ ಹೊರಬರುವ ಸಂದಿರಬಾರದು. ಮುದ್ದೆ ತಿರುವುವಾಗ ಕೋಲಿನ ಒತ್ತಡವೆಲ್ಲ ಕುಳಿಯ ಅಂಚಿನ ಮೇಲೆ ಬೀಳುವುದರಿಂದ ಅಲ್ಲಿ ಇಟ್ಟಿಗೆ ಇಟ್ಟು ಗಟ್ಟಿ ಮಾಡಬೇಕು. ಎರಡನೆಯ ಕುಳಿಗೆ ಹೋಗುವ ಸುರಂಗದ ನೆಲವನ್ನು ಏರಿಸಿ, ಪಾತ್ರೆಯ ತಳಕ್ಕೂ ನೆಲಕ್ಕೂ ಎರಡು ಬೆರಳು ಮಾತ್ರ ಬಿಡಿ. ಬಿಸಿ ಹೊಗೆ ಪಾತ್ರೆಯನ್ನು ಸವರಿಕೊಂಡೇ ಹೋಗಲಿ. ಅಲ್ಲಿ ನೀರಿಟ್ಟರೆ ಸುಮ್ಮನೆ ಕಾಯುತ್ತದೆ.

ನಾಲ್ಕನೆಯದು ಹೊಗೆಗೊಳವೆ. ಒಳ ಅಗಲ ನಾಲ್ಕು ಅಂಗುಲ. ತುದಿ ಸೂರಿಗಿಂತ ಎರಡು ಮೂರು ಅಡಿ ಮೇಲಿರಬೇಕು, ಮಳೆಗೆ ಟೋಪಿ ಇರಬೇಕು. ಹುಲ್ಲು ಸೂರಿಗೆ ಕೊಳವೆ ತಾಗಬಾರದು. ಸುತ್ತ ಜಾಗ ಬಿಟ್ಟು ತಗಡು ಹಾಕದಿದ್ದರೆ ಮನೆಗೇ ಬೆಂಕಿ. ಹಿಂದೆ ಆಸ್ಬೆಸ್ಟಾಸ್ ಕೊಳವೆ ಹಾಕುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಕೇಡೆಂದು ಈಗ ತಿಳಿದಿರುವುದರಿಂದ ಸುಟ್ಟ ಮಣ್ಣಿನದೋ ತಗಡಿನದೋ ಹಾಕುವುದು ಮೇಲು. ಬುಡದಲ್ಲಿ ಮಸಿ ತೆಗೆಯಲು ಮುಚ್ಚಳದ ಕಿಂಡಿ ಬಿಡುವುದನ್ನು ಮರೆಯಬೇಡಿ.

ಕಟ್ಟಲು ಹುತ್ತದ ಮಣ್ಣು, ಸಗಣಿ, ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ ತುಳಿದ ಕೆಸರು ಸಾಕು. ವಾರ ಹತ್ತು ದಿನ ನೆರಳಲ್ಲಿ ಒಣಗಿಸಿ, ಮೊದಲ ದಿನಗಳಲ್ಲಿ ಸಣ್ಣ ಉರಿಯನ್ನೇ ಮಾಡಿ. ಅವಸರ ಪಟ್ಟರೆ ಬಿರುಕು ಬಿಡುತ್ತದೆ. ಬಳಿಕ ಒಂದು ಊದುಬತ್ತಿಯನ್ನು ಗಾಳಿಕಿಂಡಿಯ ಬಳಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದರೆ ಒಲೆ ಸರಿಯಾಗಿದೆ, ಹೊರಕ್ಕೆ ಬಂದರೆ ಕೊಳವೆಯಲ್ಲೋ ಸುರಂಗದಲ್ಲೋ ತಡೆಯಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ೧೯೮೦ರ ದಶಕದಲ್ಲಿ ಕೇಂದ್ರ ಸರಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಹಿಡಿದು, ೨೦೦೨ರ ಹೊತ್ತಿಗೆ ಅದು ಮುಗಿಯುವುದರೊಳಗೆ ಮೂರು ಕೋಟಿಗೂ ಮೀರಿ ಒಲೆಗಳನ್ನು ಹಾಕಿಸಿತು. ಬಹಳಷ್ಟು ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಅಳತೆ ತಪ್ಪಿದ್ದವು, ಮಸಿ ತುಂಬಿದ ಕೊಳವೆಯನ್ನು ತೆಗೆಯುವವರಿರಲಿಲ್ಲ, ಬಿರುಕಿಗೆ ಮಣ್ಣು ಮೆತ್ತುವವರಿರಲಿಲ್ಲ. ಒಲೆ ಹಾಕಿಸಿದರೆ ಸಾಲದು. ಹದಿನೈದು ದಿನಕ್ಕೊಮ್ಮೆ ಕೊಳವೆಯ ಮಸಿ ಕೆರೆಯಬೇಕು, ದಿನಾ ಬೂದಿ ತೆಗೆಯಬೇಕು. ಸೂರು ಹತ್ತಿ ಕೊಳವೆ ಕೆರೆಯುವ ಕೆಲಸವನ್ನಾದರೂ ಗಂಡಸರು ತಮ್ಮದೆಂದು ಒಪ್ಪಿಕೊಳ್ಳಬೇಕೆಂದು ನಾವು ಹೇಳುತ್ತೇವೆ.

ಯಾರ ಮಾತನ್ನೂ ನಂಬಬೇಕಾಗಿಲ್ಲ, ನಮ್ಮ ಮಾತನ್ನೂ ಕೂಡ. ಹಳೆಯ ಒಲೆಯಲ್ಲಿ ಮೂರು ದಿನ ಸೌದೆ ತೂಗಿ ಹಾಕಿ, ಹೊಸದರಲ್ಲಿ ಅದೇ ಅಡಿಗೆಗೆ ಮೂರು ದಿನ ತೂಗಿ ನೋಡಿ. ಕಡಿಮೆಯಾಗದಿದ್ದರೆ ಬಾಯಿ, ಕುಳಿ, ಕೊಳವೆ ಈ ಮೂರನ್ನು ಮತ್ತೆ ಪರೀಕ್ಷಿಸಿ. ಮಳೆ ಕಡಮೆಯ ನಮ್ಮ ಸೀಮೆಯಲ್ಲಿ ಒಂದು ಮರ ಬೆಳೆಯಲು ಎಷ್ಟು ವರ್ಷ ಬೇಕೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಒಂದು ಹೊರೆ ಸೌದೆ ಉಳಿದರೆ ಒಂದು ಕೊಂಬೆ ಉಳಿಯಿತು. ಅದನ್ನು ತಲೆಯ ಮೇಲೆ ಹೊರುವ ತಾಯಿಗೆ ಒಂದು ನಡಿಗೆಯೂ ಉಳಿಯಿತು.