ಧ್ವನಿಪಾಠಕ್ಕೆ ಯಾವ ಮೈಕ್?

ಬೋಧನಾಭ್ಯಾಸಕ್ಕಾಗಿ ಪಾಡ್‌ಕಾಸ್ಟ್ ಮಾದರಿಯ ಧ್ವನಿಪಾಠ ಸಿದ್ಧಪಡಿಸುವ ಪ್ರಶಿಕ್ಷಣಾರ್ಥಿಗಳು ನನ್ನನ್ನು ಮೊದಲು ಕೇಳುವುದು ಇದನ್ನೇ: ಯುಎಸ್‌ಬಿ ಮೈಕ್ ಸಾಕೇ, ಆಡಿಯೊ ಇಂಟರ್‌ಫೇಸ್ ಬೇಕೇ? ನಾನು ತಿರುಗಿ ಕೇಳುತ್ತೇನೆ: ನಿಮ್ಮ ಪಾಠದಲ್ಲಿ ಎಷ್ಟು ಜನ ಮಾತನಾಡುತ್ತಾರೆ?

ಆಲಿಸುವ ಪಾಠದಲ್ಲಿ ಮಗುವಿಗೆ ಶಿಕ್ಷಕರ ಮುಖವೂ ಕಾಣದು, ಕಪ್ಪುಹಲಗೆಯೂ ಇರದು. ‘ಬೆಲೆ’ಯೋ ‘ಬೆಳೆ’ಯೋ, ‘ಬಾರ’ವೋ ‘ಭಾರ’ವೋ ಎಂಬುದನ್ನು ಕಿವಿಯೇ ತೀರ್ಮಾನಿಸಬೇಕು. ಧ್ವನಿ ಅಸ್ಪಷ್ಟವಾಗಿದ್ದರೆ ಮಗು ತಪ್ಪು ಬರೆಯುತ್ತದೆ, ನಾವು ಅಂಕ ಕಳೆಯುತ್ತೇವೆ. ಆಗ ನಾವು ಅಳೆದದ್ದು ಮಗುವಿನ ಆಲಿಸುವ ಸಾಮರ್ಥ್ಯವನ್ನಲ್ಲ, ನಮ್ಮ ಧ್ವನಿಮುದ್ರಣವನ್ನು.

ಮೈಕ್ ಹಿಡಿಯುವ ಸಂಕೇತ ಬಹಳ ದುರ್ಬಲ. ಅದನ್ನು ವರ್ಧಿಸಬೇಕು, ಅನಂತರ ಕಂಪ್ಯೂಟರಿಗೆ ತಿಳಿಯುವ ಅಂಕಿರೂಪಕ್ಕೆ ತರಬೇಕು. ಯುಎಸ್‌ಬಿ ಮೈಕ್‌ನಲ್ಲಿ ಈ ಎರಡು ಕೆಲಸಗಳೂ ಅದರೊಳಗೇ ಆಗುತ್ತವೆ. ವೈರನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಸಾಕು. ಆಡಿಯೊ ಇಂಟರ್‌ಫೇಸ್ ಇವೇ ಕೆಲಸಗಳನ್ನು ಮಾಡುವ ಪ್ರತ್ಯೇಕ ಪೆಟ್ಟಿಗೆ. ಅದಕ್ಕೆ ಎಕ್ಸ್‌ಎಲ್‌ಆರ್ ಕೇಬಲ್ಲಿನ ಮೈಕ್ ಬೇರೆಯಾಗಿ ಬೇಕು. ಆ ಮೈಕ್ ಕಂಡೆನ್ಸರ್ ಬಗೆಯದಾದರೆ ಪೆಟ್ಟಿಗೆಯಲ್ಲಿ 48 ವೋಲ್ಟ್ ಗುಂಡಿಯನ್ನೂ ಒತ್ತಬೇಕು. ಸಾಮಾನ್ಯ ಡೈನಮಿಕ್ ಮೈಕ್‌ಗೆ ಅದು ಬೇಡ.

ಕಥೆ, ಪದ್ಯವಾಚನ, ಉಕ್ತಲೇಖನದಂತಹ ಒಬ್ಬರೇ ಮಾತನಾಡುವ ಪಾಠಕ್ಕೆ ನಾನು ಯುಎಸ್‌ಬಿ ಮೈಕನ್ನೇ ಸೂಚಿಸುತ್ತೇನೆ. ಶಾಲೆಯಿಂದ ಶಾಲೆಗೆ ಒಯ್ಯುವುದು ಸುಲಭ, ಹೊಂದಿಸಬೇಕಾದದ್ದೂ ಕಡಿಮೆ.

ಸಂಭಾಷಣೆ ಅಥವಾ ಸಂದರ್ಶನವಾದರೆ ಲೆಕ್ಕ ಬೇರೆ. ಶಿಕ್ಷಕರ ದನಿ ಗಟ್ಟಿ, ಮಗುವಿನದು ಮೆಲು. ಇಬ್ಬರ ನಡುವೆ ಒಂದೇ ಮೈಕ್ ಇಟ್ಟರೆ ಎರಡೂ ಒಂದೇ ಟ್ರ್ಯಾಕ್‌ನಲ್ಲಿ ಬೆರೆಯುತ್ತವೆ. ಎರಡು ಯುಎಸ್‌ಬಿ ಮೈಕ್ ಜೋಡಿಸೋಣವೆಂದರೆ, ನಾವು ಬಳಸುವ ಉಚಿತ ತಂತ್ರಾಂಶ ಆಡಾಸಿಟಿ ಒಂದು ಸಲಕ್ಕೆ ಒಂದೇ ಸಾಧನದಿಂದ ಧ್ವನಿ ಪಡೆಯುತ್ತದೆ. ಎರಡು ಮೈಕ್ ಸೇರುವ ಇಂಟರ್‌ಫೇಸ್ ಇದ್ದರೆ ಇಬ್ಬರ ದನಿಯೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ದಾಖಲಾಗುತ್ತದೆ. ಮಗುವಿನ ದನಿಯನ್ನಷ್ಟೇ ಅನಂತರ ಏರಿಸಬಹುದು. ಈಗ ಒಬ್ಬರದು, ಮುಂದೆ ಇಬ್ಬರದು ಎಂದಿದ್ದರೆ ಸ್ಯಾಮ್‌ಸನ್ ಕ್ಯೂ2ಯು ರೀತಿಯ, ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ಎರಡೂ ಇರುವ ಮೈಕ್ ಕೊಳ್ಳಬಹುದು. ಮುಂದೆ ಇಂಟರ್‌ಫೇಸ್ ಬಂದಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ಯಾವುದನ್ನು ಕೊಂಡರೂ ಕೊಠಡಿಯ ಸದ್ದು ತಾನಾಗಿ ಹೋಗದು. ಫ್ಯಾನ್ ನಿಲ್ಲಿಸಿ. ಬರಿಗೋಡೆಯ ತರಗತಿಗಿಂತ ಪುಸ್ತಕದ ಕಪಾಟು, ಪರದೆಗಳಿರುವ ಕೋಣೆಯಲ್ಲಿ ಪ್ರತಿಧ್ವನಿ ಕಡಿಮೆ. ಬಾಯಿಗೂ ಮೈಕ್‌ಗೂ ಸುಮಾರು ಒಂದು ಗೇಣು ಅಂತರವಿರಲಿ. ಮೈಕ್ ಬಾಯಿಯ ನೇರಕ್ಕಿರದೆ ತುಸು ಪಕ್ಕಕ್ಕಿದ್ದರೆ ಪ, ಫ, ಬ, ಭ ಉಚ್ಚರಿಸುವಾಗಿನ ಉಸಿರು ಅದಕ್ಕೆ ಬಡಿಯದು. ಆಡಾಸಿಟಿಯ ಮಾಪಕದಲ್ಲಿ ಗಟ್ಟಿಯಾದ ಮಾತು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲುವಂತೆ ನೋಡಿಕೊಳ್ಳಿ.

ಪಾಠಯೋಜನೆಯಲ್ಲಿ ‘ಕಲಿಕೋಪಕರಣ’ದ ಎದುರು ಮೈಕ್‌ನ ಹೆಸರು ಬರೆಯುವ ಮೊದಲು, ಮಾತನಾಡುವವರ ಸಂಖ್ಯೆ ಬರೆಯಿರಿ. ಮುದ್ರಣವಾದ ಮೇಲೆ ಹಲ್ಲಿ–ಹಳ್ಳಿ, ಕರ–ಖರದಂತಹ ಹತ್ತು ಪದಗಳನ್ನು ಅದೇ ವ್ಯವಸ್ಥೆಯಲ್ಲಿ ಮುದ್ರಿಸಿ, ಸಹಪಾಠಿಗೆ ಕೇಳಿಸಿ ಬರೆಸಿ. ಅವರಿಗೇ ಗೊಂದಲವಾದರೆ ಆ ಪಾಠವನ್ನು ಮಕ್ಕಳ ಮುಂದೆ ಒಯ್ಯಬೇಡಿ. ಕೊಠಡಿ, ಅಂತರ, ಮೈಕ್ ಈ ಕ್ರಮದಲ್ಲಿ ಪರಿಶೀಲಿಸಿ ಮತ್ತೆ ಮುದ್ರಿಸಿ.