ಕಾರ್ಯಾನುಭವ: ಬಾಬಿನ್‌ಗೆ ದಾರ ಸುತ್ತುವಾಗಿನ ತೊಡಕುಗಳು

ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಶಾಲೆಗಳಲ್ಲಿ ಹೊಲಿಗೆ ಯಂತ್ರದ ಮಾತು ಬಂದಾಗ ಮಕ್ಕಳು 'ದಾರ'ಕ್ಕೆ ಮರಾಠಿಯ 'ದೋರಾ', 'ಗಾಲಿ'ಗೆ 'ಚಾಕ' ಎನ್ನುವುದು ಸಹಜ. ಅದನ್ನು ತಪ್ಪೆಂದು ತಡೆದರೆ ಮಗು ಮೌನವಾಗುತ್ತದೆ. ಎರಡೂ ಪದಗಳನ್ನು ಹಲಗೆಯ ಮೇಲೆ ಬರೆದು, ತೊಡಕಿನ ಕಾರಣವನ್ನು ಕನ್ನಡದಲ್ಲಿ ಹೇಳಿಸುವುದು ಈ ಪಾಠದ ಗುರಿ.

ಕಾಲಿನಿಂದ ತುಳಿಯುವ ಸಾಮಾನ್ಯ ಯಂತ್ರದಲ್ಲಿ ಗಮನಿಸಬೇಕಾದ ಅಂಶಗಳು:

1. ಬಾಬಿನ್ ತಿರುಗದಿರುವುದು: ಸುತ್ತುವ ಸಾಧನದ ರಬ್ಬರ್ ಉಂಗುರವು ಕೈಚಕ್ರಕ್ಕೆ ಒತ್ತಿ ನಿಂತಾಗ ಘರ್ಷಣೆಯಿಂದ ಬಾಬಿನ್ ತಿರುಗುತ್ತದೆ. ಉಂಗುರಕ್ಕೆ ಎಣ್ಣೆ ತಾಗಿದ್ದರೆ ಒರೆಸಬೇಕು, ಸವೆದಿದ್ದರೆ ಬದಲಿಸಬೇಕು.

2. ಸೂಜಿಯೂ ಚಲಿಸುವುದು: ಕೈಚಕ್ರದ ನಡುವಿನ ತಿರುಪನ್ನು ಸಡಿಲಿಸಿರುವುದಿಲ್ಲ. ಸುತ್ತಿದ ಮೇಲೆ ಅದನ್ನು ಮತ್ತೆ ಬಿಗಿಗೊಳಿಸದಿದ್ದರೆ ಯಂತ್ರ ಹೊಲಿಯದು.

3. ದಾರ ಸಡಿಲವಾಗಿ ಸುತ್ತಿಕೊಳ್ಳುವುದು: ದಾರವು ಬಿಗಿತದ ಬಿಲ್ಲೆಗಳ ನಡುವೆ ಹಾದಿರುವುದಿಲ್ಲ.

4. ಒಂದೇ ಬದಿಗೆ ಗುಡ್ಡೆಯಾಗುವುದು: ದಾರ ಬರುವ ದಾರಿ ಬಾಬಿನ್‌ನ ನಡುಭಾಗಕ್ಕೆ ನೇರವಾಗಿರುವುದಿಲ್ಲ.

5. ಬಾಬಿನ್ ತನ್ನ ಡಬ್ಬಿಯಲ್ಲಿ ಸಿಕ್ಕಿಕೊಳ್ಳುವುದು: ದಾರ ಅಂಚು ಮೀರಿರುತ್ತದೆ. ಅಂಚಿಗಿಂತ ತುಸು ಕೆಳಗೇ ನಿಲ್ಲಿಸಬೇಕು.

ಶಿಕ್ಷಕರು ತಾವೇ ಮೊದಲು ಸರಿಪಡಿಸಬಾರದು. ಒಬ್ಬರು ತುಳಿಯಲಿ, ಇನ್ನೊಬ್ಬರು ಬೆರಳು ದೂರವಿರಿಸಿ ನೋಡಲಿ, ಮೂರನೆಯವರು ಕಾರಣ ಹೇಳಲಿ. "ಉಂಗುರಕ್ಕೆ ಎಣ್ಣೆ ತಾಗಿದೆ, ಆದ್ದರಿಂದ ಜಾರುತ್ತಿದೆ" ಎಂದು ಮಗು ತಾನಾಗಿ ಹೇಳಿದಾಗ ವಿಜ್ಞಾನದ 'ಘರ್ಷಣೆ' ಪುಸ್ತಕದ ಪದವಾಗಿ ಉಳಿಯುವುದಿಲ್ಲ. ಕನ್ನಡವೂ ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯುವುದಿಲ್ಲ.