ನಡುಗಡ್ಡೆಯ ಹದಿನೇಳನೆಯ ಕುಳಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳದು ನಿಂಬೆ, ತೊಗರಿ, ಬಿಳಿಜೋಳದ ಸೀಮೆ. ಗೋಲ್ಫ್ ಇಲ್ಲಿಯ ಆಟವಲ್ಲ. ಆದರೇನು? ಬೇಸಿಗೆ ರಜೆಯ ಮಧ್ಯಾಹ್ನ, ಹೊರಗೆ ಬಿಸಿಲು ಬೆಂಕಿಯಾಗಿರುವಾಗ, ಪಡಸಾಲೆಯಲ್ಲಿ ಅಪ್ಪನ ಮೊಬೈಲ್ ಹಿಡಿದು ಕುಳಿತ ಹುಡುಗ ಹಸಿರು ಹುಲ್ಲಿನ ಮೇಲೆ ಚೆಂಡು ಬಾರಿಸುತ್ತಿರಬಹುದು. ಗೋಲಿಯಾಟದ ಕುಳಿ ತಪ್ಪಿದರೆ ಗೋಲಿ ಮಣ್ಣಿನಲ್ಲಿ ಉರುಳೀತು. ಇಲ್ಲಿ ತಪ್ಪಿದರೆ ಚೆಂಡು ನೀರುಪಾಲು!

ಸುತ್ತ ನೀರು, ನಡುವೆ ಹಸಿರು ತುಂಡು, ಅದರಲ್ಲೊಂದು ಕುಳಿ. ಇಂಥವುಗಳಲ್ಲಿ ಹೆಸರಾದದ್ದು ಅಮೆರಿಕದ ಫ್ಲಾರಿಡಾದಲ್ಲಿ 1980ರಲ್ಲಿ ತೆರೆದ ಟಿಪಿಸಿ ಸಾಗ್ರಾಸ್ ಮೈದಾನದ 17ನೆಯ ಕುಳಿ. ಪೀಟ್ ಡೈ ಮೈದಾನ ಕಟ್ಟುವಾಗ ಅಲ್ಲಿನ ಮರಳನ್ನು ಬೇರೆಡೆಗೆ ಸಾಗಿಸುತ್ತ ಹೋದ. ಕೊನೆಗೆ ದೊಡ್ಡ ಹೊಂಡವೇ ಉಳಿಯಿತು. ಅದಕ್ಕೆ ನೀರು ಬಿಟ್ಟು ನಡುಗಡ್ಡೆ ಮಾಡೋಣವೆಂದು ಸೂಚಿಸಿದವಳು ಹೆಂಡತಿ ಆಲಿಸ್. 1990ರಲ್ಲಿ ಬಂದ ಕಂಪ್ಯೂಟರ್ ಗೋಲ್ಫ್ ಆಟದೊಳಕ್ಕೂ ಈ ಮೈದಾನ ಸೇರಿತು.

ದೂರವೇನೂ ಹೆಚ್ಚಿಲ್ಲ, ಸುಮಾರು 137 ಗಜ. ಮೂರು ಹೊಡೆತಗಳಲ್ಲಿ ಮುಗಿಯಬೇಕಾದ ಕುಳಿ. ಆದರೆ ಬೇರೆ ಕಡೆ ಗುರಿ ತಪ್ಪಿದ ಚೆಂಡನ್ನು ಹುಲ್ಲಿನಿಂದಲೋ ಮರಳಿನಿಂದಲೋ ಎತ್ತಿ ಹೊಡೆಯಬಹುದು. ಇಲ್ಲಿ ಆ ಕ್ಷಮೆಯಿಲ್ಲ. 2005ರಲ್ಲಿ ಬಾಬ್ ಟ್ವೇ ಎಂಬ ಪಳಗಿದ ಆಟಗಾರ ಇಲ್ಲಿ ನಾಲ್ಕು ಚೆಂಡುಗಳನ್ನು ನೀರಿಗೆ ಕೊಟ್ಟು 12 ಹೊಡೆತ ಬರೆಸಿಕೊಂಡ.

ಹಾಗಾದರೆ ಆಡುವುದು ಹೇಗೆ? ಮೊದಲು ಬಾವುಟವನ್ನು ಮರೆಯಬೇಕು. ಒಂದು ಲೆಕ್ಕ ನೋಡಿ. ಅಂಚಿನಲ್ಲಿರುವ ಬಾವುಟಕ್ಕೇ ಗುರಿಯಿಟ್ಟರೆ ಅರ್ಧ ಸಲ 2 ಹೊಡೆತದಲ್ಲಿ ಮುಗಿಯುತ್ತದೆ, ಅರ್ಧ ಸಲ ನೀರು ಎಂದುಕೊಳ್ಳಿ. ನೀರಿಗೆ ಬಿದ್ದರೆ ಆ ಹೊಡೆತ ಒಂದು, ದಂಡ ಒಂದು, ಮತ್ತೆ ಎತ್ತಿದ್ದು ಮೂರನೆಯದು, ಆಮೇಲೆ ಕುಳಿಗೆ ತಳ್ಳಲು ಎರಡು, ಒಟ್ಟು 5. ಸರಾಸರಿ ಮೂರೂವರೆ. ನಡುಮಧ್ಯಕ್ಕೆ ಹೊಡೆದವನಿಗೆ ಹೆಚ್ಚು ಸಲ 3. ಗಣಿತದ ಮೇಷ್ಟ್ರು ಸರಾಸರಿ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ಎರಡನೆಯದು ಗಾಳಿ. ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿದ ಅಜ್ಜನನ್ನು ಕೇಳಿದರೆ ಹೇಳಿಯಾನು: ಅಡ್ಡಗಾಳಿಯಿದ್ದರೆ ಗಾಳಿ ಬರುವ ಕಡೆಗೆ ತುಸು ಸರಿಸಿ ಎಸೆಯಬೇಕು. ಫೋನಿನ ಆಟದಲ್ಲಿ ಗಾಳಿಯನ್ನು ಬಾಣದ ಗುರುತು ತೋರಿಸುತ್ತದೆ. ಚೆಂಡು ಎತ್ತರಕ್ಕೆ ಹೋದಷ್ಟೂ ಗಾಳಿಯ ಕೈಗೆ ಹೆಚ್ಚು ಹೊತ್ತು ಸಿಗುತ್ತದೆ. ಆದ್ದರಿಂದ ಎದುರುಗಾಳಿಗೆ ದೂರ ಹೋಗುವ ಕೋಲು ಆಯ್ದು ಮೆಲ್ಲಗೆ, ತಗ್ಗಾಗಿ ಹೊಡೆಯುವುದು ಲೇಸು. ಚೆಂಡು ಬಿದ್ದಲ್ಲೇ ನಿಲ್ಲುವುದಿಲ್ಲ, ಪುಟಿಯುತ್ತದೆ. ಅದಕ್ಕೂ ಜಾಗ ಬಿಟ್ಟಿರಬೇಕು.

ತಂದೆತಾಯಿಗಳು ಗಮನಿಸಬೇಕಾದದ್ದು ಬೇರೆಯೇ ಇದೆ. 2017ರಲ್ಲಿ ಬಂದ ಗೋಲ್ಫ್ ಕ್ಲ್ಯಾಷ್‌ನಂಥ ಆಟಗಳಲ್ಲಿ ಪ್ರತಿ ಪಂದ್ಯಕ್ಕೂ ನಾಣ್ಯ ಒಡ್ಡಬೇಕು. ನಾಣ್ಯ ಫೋನಿನೊಳಗಿನದು ನಿಜ, ಆದರೆ ತೀರಿದಾಗ ಕೊಳ್ಳುವುದು ಅಸಲಿ ರೂಪಾಯಿಗೆ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಈ ನಾಣ್ಯ ಖರೀದಿ ಬೇರೆ ಬಾಬತ್ತು. ಖರೀದಿಗೆ ಪ್ರತಿಸಲವೂ ಪಾಸ್‌ವರ್ಡ್ ಕೇಳುವಂತೆ ಫೋನಿನಲ್ಲಿ ಇಟ್ಟುಕೊಂಡರೆ ರಾತ್ರಿ ಮನೆಯಲ್ಲಿ ಜಗಳ ತಪ್ಪೀತು.

ಧೈರ್ಯಕ್ಕೆ ಜಾಗವೇ ಇಲ್ಲವೆ? 2022ರ ಮಾರ್ಚ್ 14ರಂದು ಸಾಗ್ರಾಸ್‌ನ ಪ್ಲೇಯರ್ಸ್ ಪಂದ್ಯಾವಳಿ ಮುಗಿಯಿತು. ಮುಂದಿದ್ದ ಆಸ್ಟ್ರೇಲಿಯದ ಕ್ಯಾಮರಾನ್ ಸ್ಮಿತ್ 17ನೆಯ ಕುಳಿಯಲ್ಲಿ ಹೊಡೆದ ಚೆಂಡು ನೀರಿನಂಚಿನ ಬಾವುಟದ ನಾಲ್ಕಡಿ ಹತ್ತಿರ ಬಿತ್ತು. ಎಂಥ ಎದೆಗಾರಿಕೆ ಎಂದರು ಎಲ್ಲರೂ. ಆತನೋ, ತಾನು ಗುರಿಯಿಟ್ಟದ್ದು ಇನ್ನಷ್ಟು ಎಡಕ್ಕೆ ಎಂದು ಒಪ್ಪಿಕೊಂಡ! ಹಿಂದೆ ಬಂದ ಬೆಂಗಳೂರಿನ ಅನಿರ್ಬನ್ ಲಾಹಿರಿಯೂ ಅಲ್ಲಿ ಎರಡೇ ಹೊಡೆತದಲ್ಲಿ ಮುಗಿಸಿದರು. ಆದರೆ ಕೊನೆಯ ಕುಳಿಯಲ್ಲಿ ಚೆಂಡು ಒಳಗಿಳಿಯಲಿಲ್ಲ. ಪಂದ್ಯಾವಳಿ ಸ್ಮಿತ್‌ನ ಪಾಲಾಯಿತು, ಲಾಹಿರಿ ಒಂದು ಹೊಡೆತದ ಅಂತರದಲ್ಲಿ ಎರಡನೆಯವರಾದರು.